ಗಿಲ್ಲಿ ತಾಗದ ಕಣ್ಣು

11-4-98, ರಾತ್ರಿ 2.10

ಫ್ಯಾನಿನ ಕಟಕಟ ಸದ್ದಿಗೆ ಎಚ್ಚರ. ಹೋದ ಕರೆಂಟ್ ಬಂದಿತ್ತು. ಈ ಸಲ ಎಬ್ಬಿಸಿದ್ದು ಕೂಸಲ್ಲ. ಅದು ಹಾಲು ಕುಡಿಯುತ್ತ ನನ್ನ ತೋಳಿನಲ್ಲೇ ಮಲಗಿತ್ತು. ದೊಡ್ಡವಳು ದ್ರಾಕ್ಷಿ ಎದ್ದು ಕೂತಿದ್ದಳು. ಪಡಸಾಲೆಯ ಬಲ್ಬಿನ ಬೆಳಕು ಓರೆಯಾಗಿ ಅವಳ ಮುಖದ ಮೇಲೆ. ಎಡಗಣ್ಣಿನ ಪಾಪೆ ಬೆಳ್ಳಗೆ. ಹಾಲಿನ ಹಾಗೆ ಬೆಳ್ಳಗೆ. ಮುಖ ತಿರುಗಿಸಿದಳು, ಕಪ್ಪು. ಮತ್ತೆ ತಿರುಗಿದಳು, ಬಿಳಿ.

ಇವರನ್ನು ಎಬ್ಬಿಸಿದೆ.

"ಬೆಕ್ಕಿನ ಕಣ್ಣು ಹೊಳೀತಾವಲ್ಲ, ಹಂಗ. ನಿದ್ದಿಗೆಟ್ಟು ನಿನಗ ಏನೇನರೆ ಕಾಣಾಕತ್ತೈತಿ. ಮಲ್ಕೋ."

ಮಗ್ಗುಲಾದರು. ಎರಡು ತಿಂಗಳಿಂದ ನಿದ್ದೆಗೆಟ್ಟದ್ದು ಖರೆ. ಟಾರ್ಚ್ ತಂದೆ. ನಾಲ್ಕು ಸಲ ನೋಡಿದೆ. ನಾಲ್ಕೂ ಸಲ ಬಿಳಿ.

12-4-98, ಮಧ್ಯಾಹ್ನ

ಡಿಸೆಂಬರಿನಲ್ಲಿ ದ್ರಾಕ್ಷಿಗೆ ಎರಡು ತುಂಬಿದಾಗ ತೆಗೆಸಿದ ಫೋಟೋ ಹುಡುಕಿದೆ. ಎರಡೂ ಕಣ್ಣು ಕಪ್ಪಗೆ. ಜೀವ ಬಂತು. ಕಿಟಕಿಯ ಹತ್ತಿರ ಹಿಡಿದು ಓರೆ ಮಾಡಿದರೆ... ಎಡಗಣ್ಣಿನ ಕಪ್ಪು ಬೇರೆ ಥರ ಮಿರುಗುತ್ತದೆ. ಮೇಲೆ ಹಚ್ಚಿದ ಹಾಗೆ.

ಎರಡೂ ಮಕ್ಕಳನ್ನು ಎತ್ತಿಕೊಂಡು ಅಹಮದಸಾಬರ ಸ್ಟುಡಿಯೋಕ್ಕೆ ಹೋದೆ.

"ಹೌದ್ರಿ ಬಾಯಾರ, ಫ್ಲಾಶ್ ಬಿದ್ದು ಒಂದ ಕಣ್ಣು ಬೆಳ್ಳಗ ಬಂದಿತ್ತು. ಹುಟ್ಟಿದಹಬ್ಬದ ಫೋಟೋ, ಛಲೋ ಕಾಣ್ಲಿ ಅಂತ ನಾನ ಬ್ರಶ್ಶಿಲೆ ಕರೇ ಶಾಯಿ ಇಟ್ಟೆ. ಯಾಕ್ರಿ, ಅಳಿಸೇತೇನು? ಮತ್ತೊಮ್ಮೆ ಹಚ್ಚಿ ಕೊಡ್ಲೇನ್ರಿ?"

ನೆಗೆಟಿವ್ ಬೇಕು ಅಂದೆ. ಅರ್ಧ ತಾಸು ಡಬ್ಬಿಗಳನ್ನೆಲ್ಲ ಸುರುವಿ ಹುಡುಕಿಕೊಟ್ಟರು. ಬೆಳಕಿಗೆ ಹಿಡಿದೆ. ನೆಗೆಟಿವ್‌ನಲ್ಲಿ ಎಲ್ಲ ತಿರುವುಮುರುವು. ಬಲಗಣ್ಣಿನ ಪಾಪೆ ತಿಳಿ, ಎಡಗಣ್ಣಿನದು ಕಪ್ಪು ಚುಕ್ಕೆ.

ಡಿಸೆಂಬರ್. ಅಂದರೆ ನಾಲ್ಕು ತಿಂಗಳು.

ಅಹಮದಸಾಬರು ನನ್ನ ಮುಖ ನೋಡಿ ಸ್ಟೂಲ್ ಎಳೆದು ಕೊಟ್ಟರು. ಅವರ ಮೇಲೆ ಸಿಟ್ಟು ಮಾಡಲು ನೋಡಿದೆ. ಬರಲಿಲ್ಲ.

15-4-98

ಕಣ್ಣಿನ ಆಸ್ಪತ್ರೆ. ಇವರೂ ಬಂದಿದ್ದರು. ಡ್ರಾಪ್ಸ್ ಹಾಕಿ ಒಂದು ತಾಸು ಕೂಡಿಸಿದರು. ಡಾಕ್ಟರ್ ಹೆಂಗಸು, ಎಲ್ಲರೂ ಡಾಕ್ಟರ್ ಬಾಯಿ ಅನ್ನುತ್ತಾರೆ. ಕಣ್ಣೊಳಗೆ ನೋಡಿದರು, ಬಹಳ ಹೊತ್ತು. ಆಮೇಲೆ ಸ್ಕ್ಯಾನ್. ಆಮೇಲೆ ಬಾಗಿಲು ಹಾಕಿದರು.

ಕಣ್ಣಿನ ಕ್ಯಾನ್ಸರ್, ರೆಟಿನೋಬ್ಲಾಸ್ಟೋಮಾ. ಅವರು ಅರ್ಧ ಹೇಳಿದಾಗಲೇ ಉಳಿದರ್ಧ ನನ್ನ ಬಾಯಲ್ಲಿತ್ತು.

"ಏನ್ ಓದೀರಿ ನೀವು?"

"ಝೂವಾಲಜಿ ಎಮ್ಮೆಸ್ಸಿ, ಒಂದ ವರ್ಷ. ಧಾರವಾಡದಾಗ. ಆಮ್ಯಾಲ ಮದುವಿ ಆತು."

ಎಡಗಣ್ಣು ತುಂಬಿಹೋಗಿದೆ. ಬಲಗಣ್ಣು ಸ್ವಚ್ಛ. ನರದ ಗುಂಟ ಮೆದುಳಿಗೆ ಹೋಗುವ ಮೊದಲು ಎಡಗಣ್ಣು ತೆಗೆಯಬೇಕು.

"ಮನ್ಯಾಗ ಯಾರಿಗರೆ ಸಣ್ಣವರಿದ್ದಾಗ ಕಣ್ಣು ಹೋಗೈತೇನ್ರಿ?"

ಇವರ ಬಲಗಣ್ಣು ಗಾಜಿನದು. ಆರು ವರ್ಷದವರಿದ್ದಾಗ ಗಿಲ್ಲಿ-ದಾಂಡು ಆಟದಲ್ಲಿ ಗಿಲ್ಲಿ ಬಡಿಯಿತೆಂದು ಮದುವೆಗೆ ಮೊದಲೇ ಅತ್ತೆ ನಮ್ಮಪ್ಪನಿಗೆ ಹೇಳಿದ್ದರು. ಅದನ್ನೇ ಹೇಳಿದೆ. ಇವರೂ ಗೋಣು ಹಾಕಿದರು. ಡಾಕ್ಟರ್ ಬಾಯಿ "ಇಲ್ಲ" ಅಂತ ಬರೆದುಕೊಂಡರು.

"ಹಂಗಿದ್ರ ಸಣ್ಣ ಕೂಸಿಗೆ ಈಗ ಅನಸ್ತೇಶಿಯಾ ಕೊಟ್ಟು ನೋಡೂದು ಬ್ಯಾಡ. ಮ್ಯಾಲಿಂದ ನೋಡ್ಕೋತ ಇರೂಣು."

16-4-98, ಬೆಳಗಿನ ಜಾವ 3.30

ನಿದ್ದೆ ಬಾರದಿದ್ದರೆ ಓದಬೇಕು. ಟ್ರಂಕಿನ ತಳದಿಂದ ಎಮ್ಮೆಸ್ಸಿ ನೋಟ್ಸ್ ತೆಗೆದೆ. ಜಿರಳೆ ವಾಸನೆ. ನನ್ನದೇ ಅಕ್ಷರ, ಎಷ್ಟು ದುಂಡಗೆ ಬರೆಯುತ್ತಿದ್ದೆ.

ಕೋಶ ಮನಸ್ಸು ಬಂದಾಗ ಒಡೆದು ಎರಡಾಗುವುದಿಲ್ಲ. ಹೊರಗಿನಿಂದ ಸಿಗ್ನಲ್ ಬರಬೇಕು. ಕೋಶದ ಮೈಮೇಲಿನ ರಿಸೆಪ್ಟರ್ ಅದನ್ನು ಹಿಡಿದು ಒಳಗಿನ ಪ್ರೊಟೀನಿಗೆ ಕೊಡುತ್ತದೆ, ಅದು ಮತ್ತೊಂದಕ್ಕೆ... ಇವರು ಕೆಲಸ ಮಾಡುವ ಅಮರಗೋಳದ ಮಾರ್ಕೆಟ್ ಯಾರ್ಡಿನ ಹಾಗೆ. ಚೀಟಿ ಅಂಗಡಿಯಿಂದ ತೂಕದವನಿಗೆ, ಅವನಿಂದ ಗೇಟಿಗೆ. ಚೀಟಿ ಕಂಡರಷ್ಟೇ ವಾಚ್‌ಮನ್ ಸರಪಳಿ ಇಳಿಸುತ್ತಾನೆ. ಲಾರಿ ದಾಟಿತೋ, ಮತ್ತೆ ಏರಿಸುತ್ತಾನೆ. ಕೋಶದ ವಾಚ್‌ಮನ್‌ಗಳಲ್ಲಿ ಒಬ್ಬನ ಹೆಸರು ಆರ್‌ಬಿ. ಈ ರೋಗದ ಹೆಸರನ್ನೇ ಅವನಿಗೆ ಇಟ್ಟಿದ್ದಾರೆ. ಅವನು ಇಲ್ಲದಾಗ ಏನಾಗುತ್ತದೆಂದು ನೋಡಿಯೇ ಅವನೊಬ್ಬನಿದ್ದಾನೆಂದು ಗೊತ್ತಾದದ್ದು.

ಬೇರೆ ಕೆಲವು ಕ್ಯಾನ್ಸರುಗಳಲ್ಲಿ ಸುಳ್ಳು ಚೀಟಿ ಹುಟ್ಟುತ್ತದೆ. ಯಾರೂ ಹೇಳದಿದ್ದರೂ ರಿಸೆಪ್ಟರ್ "ಒಡೆ, ಒಡೆ" ಅನ್ನುತ್ತಲೇ ಇರುತ್ತದೆ. ಇಲ್ಲಿ ಚೀಟಿಯ ಗೊಡವೆಯೇ ಇಲ್ಲ. ಸರಪಳಿ ನೆಲದ ಮೇಲೆ ಬಿದ್ದಿದೆ. ಲಾರಿ ಹಿಂದೆ ಲಾರಿ.

ಆರ್‌ಬಿ ಜೀನಿನ ಎರಡು ಪ್ರತಿ ಇರುತ್ತವೆ. ತಾಯಿಯದೊಂದು, ತಂದೆಯದೊಂದು. ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ಕೆಲವು ಮಕ್ಕಳು ಹುಟ್ಟುವಾಗಲೇ ಒಂದು ಕೆಟ್ಟ ಪ್ರತಿ ಪಡೆದು ಬರುತ್ತಾರೆ. ಕಣ್ಣಿನ ಯಾವುದೋ ಒಂದು ಕೋಶದಲ್ಲಿ ಎರಡನೆಯದೂ ಕೆಟ್ಟರೆ ಮುಗಿಯಿತು.

ಮಾರ್ಜಿನ್ನಿನಲ್ಲಿ ಕೆಂಪು ಶಾಯಿಯಲ್ಲಿ ನಾನೇ ಬರೆದದ್ದು: ಪರೀಕ್ಷೆಗೆ ಖಂಡಿತ ಬರುತ್ತದೆ.

ಬಂತು.

20-4-98

ಅತ್ತೆ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಇವತ್ತು ಬಾಯಿ ಬಿಟ್ಟರು.

"ಹೆಣ್ಣಕೂಸಿನ ಕಣ್ಣು ಕೀಳಸ್ತೀಯೇನ? ನಾಳೆ ಯಾರ ಮಾಡ್ಕೋತಾರ ಅಕೀನ್ನ?"

"ನಿಮ್ಮ ಮಗನ್ನ ನಾ ಮಾಡ್ಕೊಂಡಿಲ್ಲೇನ್ರಿ ಅತ್ತಿ?"

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. "ಅಂವ ಗಂಡಸು," ಅಂದರು. ಮತ್ತೆ ಬಡಿಯತೊಡಗಿದರು.

ಮಾರಾಯತಿ, ಹುಡುಗಿ ಬದುಕಲಿ ಮೊದಲು. ಮದುವೆ ಆಮೇಲೆ ನೋಡೋಣ. ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಇಲ್ಲಿ ಬರೆದೆ.

24-4-98

ತೆಗೆದರು.

8-6-98, ಸಂಜೆ

ಒಂದೂವರೆ ತಿಂಗಳು ಏನೂ ಬರೆದಿಲ್ಲ. ಪಟ್ಟಿ, ಡ್ರಾಪ್ಸ್, ರಾತ್ರಿಯಿಡೀ ಅವಳ ಕೈ ಹಿಡಿದುಕೊಂಡಿರುವುದು. ರಿಪೋರ್ಟ್ ಬಂತು, ನರಕ್ಕೆ ಹೋಗಿಲ್ಲ. ಆ ದಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಇವತ್ತು ಬರೆಯಲೇಬೇಕು.

ಹಾಜರಾಬಿ ದ್ರಾಕ್ಷಿಯನ್ನು ನೋಡಲು ಬಂದಿದ್ದರು. ಹಳೇ ಮನೆಯಲ್ಲಿದ್ದಾಗ ಅತ್ತೆಯ ನೆರೆಯವರು. ಇವರನ್ನು ಎತ್ತಿ ಆಡಿಸಿದವರು. ನನ್ನ ಕಣ್ಣೀರು ನೋಡಿ ಬೈದರು.

"ಯಾಕ ಅಳತೀ ಬೇಟಿ? ನಿನ್ನ ಗಂಡನ್ನ ನೋಡು, ಒಂದ ಕಣ್ಣಿಲೆ ಇಡೀ ಅಮರಗೋಳ ಆಳಾಕತ್ತಾನ. ಅವನದೂ ಹಿಂಗ ಬೆಳ್ಳಗ ಹೊಳೀತಿತ್ತು. ಕಂದೀಲ ಹಿಡದಾಗ ನಾನ ಮೊದಲ ನೋಡಿದ್ದು. ಇನ್ನಾ ಅಂಬೆಗಾಲ ಇಡ್ತಿತ್ತು ಕೂಸು."

"ಗಿಲ್ಲಿ ಬಡದದ್ದಲ್ಲೇನ್ರಿ?"

"ಯಾವ ಗಿಲ್ಲಿ?"

ಅಡುಗೆ ಮನೆಯಲ್ಲಿ ಅತ್ತೆ ಕೆಮ್ಮಿದರು. ಹಾಜರಾಬಿ ಸೆರಗು ಬಾಯಿಗೆ ಒತ್ತಿಕೊಂಡು, "ಹಾಯ್ ಅಲ್ಲಾ, ಮುದುಕಿ ಬಾಯಿ," ಅಂದರು. ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಅಡುಗೆ ಮನೆಯ ಬಾಗಿಲಲ್ಲಿ ನಿಂತೆ. ಕೇಳಬೇಕಾಗಲಿಲ್ಲ.

"ಮಿರಜಿನ ದವಾಖಾನಿಗೆ ಒಯ್ದಿದ್ವಿ. ವರ್ಷದ ಮ್ಯಾಲ ನಾಕ ತಿಂಗಳಾಗಿತ್ತು ಅವಗ. ಕಣ್ಣು ತಗದು ಜೀವ ಉಳಿಸಿದ್ರು. ಕಣ್ಣಾಗ ಗಂಟಾಗಿತ್ತು ಅಂದಿದ್ರ ಯಾರ ಹೆಣ್ಣ ಕೊಡತಿದ್ರು? ನಿಮ್ಮಪ್ಪ ಕೊಡತಿದ್ನೇನ?"

ಕೊಡುತ್ತಿರಲಿಲ್ಲ.

"ಗಿಲ್ಲಿ ಅಂದ್ರ ಯಾರ ಮಕ್ಕಳಿಗರೆ ಬಡೀತೈತಿ. ಅವಗೂ ಹಂಗ ಹೇಳಿ ಬೆಳಸಿದೆ. ನೀ ಹೇಳಬ್ಯಾಡ. ನನ್ನ ಆಣಿ ಐತಿ."

"ಹೇಳಲಿಲ್ಲಂದ್ರ ಸಣ್ಣವನ ಕಣ್ಣು ಹೋಗ್ತೈತ್ರಿ ಅತ್ತಿ."

ಅವರಿಗೆ ತಿಳಿಯಲಿಲ್ಲ. ಬಿಡಿಸಿ ಹೇಳಿದೆ. ಇವರದೂ ಅದೇ ರೋಗ. ಇವರಿಂದ ದ್ರಾಕ್ಷಿಗೆ ಬಂತು. ನಾಲ್ಕು ತಿಂಗಳ ವಿನೋದನಿಗೂ ಬಂದಿರಬಹುದು. ಎರಡರಲ್ಲಿ ಒಂದು ಪಾಲು. ಅವನ ಕಣ್ಣನ್ನು ಒಳಗಿನವರೆಗೆ ಯಾರೂ ನೋಡಿಲ್ಲ, ಯಾಕೆಂದರೆ ಏಪ್ರಿಲ್‌ನಲ್ಲಿ ನಾನು ಗಿಲ್ಲಿ ಅಂದೆ.

ಡಾಕ್ಟರ್ ಬಾಯಿಗೆ ಫೋನ್ ಮಾಡಿದೆ. ಪುಸ್ತಕದ ಹಾಳೆ ತಿರುವಿದ ಸದ್ದು.

"ಹನ್ನೆರಡನೇ ತಾರೀಖು ಮುಂಜಾನೆ ಎಂಟಕ್ಕ. ಗಂಟು ಸಣ್ಣದಿದ್ದಾಗ ಸಿಕ್ಕರ ಅದನ್ನಷ್ಟ ಸುಟ್ಟು ಕಣ್ಣು ಉಳಸಬಹುದು. ತಡಾ ಮಾಡಬ್ಯಾಡ್ರಿ. ನಿಮ್ಮ ಮನಿಯವರನ್ನೂ ಒಮ್ಮೆ ನಾ ನೋಡಬೇಕು."

9-6-98, ರಾತ್ರಿ

ಹೇಳಿದೆ. ಅತ್ತೆಯ ಆಣೆ ಅತ್ತೆಗೇ ಇರಲಿ.

ಊಟ ಮಾಡುತ್ತ ಕೇಳಿದರು. ತಾಯಿಯ ಮೇಲೆ ಸಿಟ್ಟಾಗಲಿಲ್ಲ. ತುತ್ತು ಕೆಳಗಿಟ್ಟರು.

"ಅಂದ್ರ ನಾನ ಕೊಟ್ಟೆ."

ಪ್ರಶ್ನೆಯ ಹಾಗೆ ಇರಲಿಲ್ಲ. ಯಾರ್ಡಿನ ಗೇಟು, ಚೀಟಿ, ವಾಚ್‌ಮನ್, ಎಲ್ಲ ಹೇಳಿದೆ. ಯಾರ ತಪ್ಪೂ ಅಲ್ಲರಿ, ಅಂದೆ. ಪೂರ್ತಿ ಕೇಳಿಸಿಕೊಂಡರು.

"ಗೇಟಿಗೆ ಆಳ ಇಡದಿದ್ರ ಯಾರನ್ನ ಕೇಳ್ತಾರ ಹೇಳು. ಮಾಲಕನ್ನ."

ನಾನು ತಾಟು ಎತ್ತಿಕೊಂಡು ಒಳಗೆ ಹೋದೆ. ಇಷ್ಟು ಓದಿ...

10-6-98

ದ್ರಾಕ್ಷಿಗೆ ಹೊಸ ಕಣ್ಣು ಕೂಡಿಸಿದರು. ಬಣ್ಣ ಎಷ್ಟು ಸರಿಯಾಗಿ ಹೊಂದಿದೆ! ಮನೆಗೆ ಬಂದು ಇವರ ಗಡ್ಡದ ಕನ್ನಡಿ ತೆಗೆದುಕೊಂಡು ಬಹಳ ಹೊತ್ತು ನೋಡಿಕೊಂಡಳು. ಆಮೇಲೆ ಕುಣಿಯುತ್ತ ಬಂದಳು.

"ಅಪ್ಪಾಂದೂ ಹಿಂತಾದ, ನಂದೂ ಹಿಂತಾದ! ಅಪ್ಪಾನ ಕಣ್ಣು ನಂಗ ಬಂತು!"

ಚಪ್ಪಾಳೆ ಬೇರೆ. ಇವರು ಎದ್ದರು. "ಮಾಲು ಇಳಸೂದೈತಿ," ಅಂದರು. ಈ ಜೂನಿನಲ್ಲಿ ಯಾವ ಮಾಲು? ಹೊರಗೆ ಮಳೆ. ಕೊಡೆ ಸಹ ಒಯ್ಯಲಿಲ್ಲ.

ರಾತ್ರಿ ಬರಲಿಲ್ಲ.

11-6-98, ಸಂಜೆ 5

ಯಾರ್ಡಿನಲ್ಲಿ ಇವರ ಅಂಗಡಿಯ ಫೋನ್ ಮುಂಜಾನೆಯಿಂದ ಎಂಗೇಜ್. ರಿಸೀವರ್ ತೆಗೆದಿಟ್ಟಿದ್ದಾರೆ. ಹಾಜರಾಬಿಯ ಮಗ ಅಯಾಜ ರಿಕ್ಷಾದಲ್ಲಿ ಹೋಗಿ ನೋಡಿ ಬಂದರು.

"ಅದಾರ್ರಿ ವೈನಿ, ಚೀಲದ ಮ್ಯಾಲ ಕುಂತಾರ. ಚಹಾ ಕುಡೀರಿ ಅಂದ್ರ ಕುಡದ್ರು. ಮನಿಗೆ ನಡೀರಿ ಅಂದ್ರ, 'ಆ ಹುಡಿಗಿಗೆ ಹೆಂಗ ಮುಖಾ ತೋರಿಸ್ಲಿ' ಅಂತಾರ."

ನಾಳೆಗೆ ಒಪ್ಪಿಗೆಯ ಫಾರ್ಮ್ ತುಂಬಲು ಮಧ್ಯಾಹ್ನ ಆಸ್ಪತ್ರೆಗೆ ಹೋಗಿದ್ದೆ. ಕ್ಲಾರ್ಕ್ ಫಾರ್ಮ್ ಹಿಂದಕ್ಕೆ ತಳ್ಳಿದ. "ತಂದಿ ಸಹಿ ಬೇಕ್ರಿ."

"ಹಡದಾಕಿ ಸಹಿ ನಡಿಯೂದಿಲ್ಲೇನು? ಎಲ್ಲಿ ಬರದಾರ, ತೋರಸ್ರಿ."

ಎಲ್ಲೂ ಬರೆದಿರಲಿಲ್ಲ. ಸಹಿ ಮಾಡಿದೆ.

ಅತ್ತೆ ತಾವಾಗಿಯೇ ಜೊತೆಗೆ ಬಂದಿದ್ದರು. ಡಾಕ್ಟರ್ ಬಾಯಿಯ ಮುಂದೆ ಸೆರಗು ಸರಿಮಾಡಿಕೊಂಡು ನಿಂತು, ಮೂವತ್ತು ವರ್ಷ ಯಾರಿಗೂ ಹೇಳದ್ದನ್ನು ಹೇಳಿದರು. ವರ್ಷ, ತಿಂಗಳು, ಎಷ್ಟು ದಿನ ಮಲಗಿಸಿದ್ದರು, ಎಲ್ಲ. ಡಾಕ್ಟರ್ ಬಾಯಿ ಹಳೆಯ ಹಾಳೆಯ "ಇಲ್ಲ" ಹೊಡೆದುಹಾಕಿದರು.

ಬರುವಾಗ ರಿಕ್ಷಾದಲ್ಲಿ ಅತ್ತೆ ಕೂಸನ್ನು ನನ್ನ ಕೈಯಿಂದ ಇಸಿದುಕೊಂಡರು. "ನೀ ಸ್ವಲ್ಪ ಕಣ್ಣ ಮುಚ್ಚು," ಅಂದರು. ಮುಚ್ಚಿದೆ. ನಿದ್ದೆ ಬರಲಿಲ್ಲ.

11-6-98, ರಾತ್ರಿ 11.40

ಇದನ್ನು ಯಾರಾದರೂ ಓದಲೆಂದು ಬರೆದದ್ದಲ್ಲ. ಈಗ ನೀವು ಓದುತ್ತಿದ್ದೀರಿ. ಹೊರಗೆ ಅಯಾಜ ರಿಕ್ಷಾ ನಿಲ್ಲಿಸಿಕೊಂಡಿದ್ದಾರೆ, ಬುತ್ತಿಯ ಜೊತೆಗೆ ಈ ಡೈರಿ ಕಳಿಸುತ್ತೇನೆ. ಮಾತಾಡಿದರೆ ನೀವು ಎದ್ದು ಹೋಗುತ್ತೀರಿ. ಬರೆದದ್ದನ್ನು ಓದುತ್ತೀರಿ. ಏಪ್ರಿಲ್ 11ರಿಂದ ಓದಿರಿ. ನಿಮ್ಮ ತಾಯಿಯ ಬಗ್ಗೆ ಬರೆದದ್ದು ಬೇಜಾರಾದರೆ ಇವತ್ತು ಸಂಜೆಯದನ್ನು ಎರಡು ಸಲ ಓದಿರಿ.

ಮೊನ್ನೆ "ನಾನ ಕೊಟ್ಟೆ" ಅಂದಿರಿ. ಹೌದು, ನಿಮ್ಮಿಂದಲೇ ಬಂದದ್ದು. ಸುಳ್ಳು ಹೇಳಿ ಸಮಾಧಾನ ಮಾಡುವುದಿಲ್ಲ, ಈ ಮನೆಯಲ್ಲಿ ಅದು ಸಾಕಾಗಿದೆ. ಆದರೆ ನಿಮ್ಮ ಕಣ್ಣಿನ ವಿಷಯ ಗೊತ್ತಾದದ್ದರಿಂದಲೇ ನಾಳೆ ವಿನೋದನ ಕಣ್ಣು ನೋಡುತ್ತಾರೆ. ಗೊತ್ತಿರದಿದ್ದರೆ ಅವನದೂ ಬೆಳ್ಳಗಾಗುವವರೆಗೆ ಕಾಯುತ್ತಿದ್ದೆವು. ಇಷ್ಟು ಹೊಳೆಯಲು ನನಗೆ ಎರಡು ದಿನ ಬೇಕಾಯಿತು.

ದ್ರಾಕ್ಷಿ ಕನ್ನಡಿ ಇಟ್ಟುಕೊಂಡೇ ಮಲಗಿದ್ದಾಳೆ. ಅಪ್ಪ ಬಂದ ಮೇಲೆ ಇಬ್ಬರೂ ಕೂಡಿ ನೋಡಿಕೊಳ್ಳಬೇಕಂತೆ. ನೀವು ಯಾಕೆ ಹೋದಿರೆಂದು ಅವಳಿಗೆ ಗೊತ್ತಿಲ್ಲ. ಗೊತ್ತಾಗುವುದು ಬೇಡ.

ಸಹಿ ಮಾಡಿದ್ದೇನೆ. ಏಳಕ್ಕೆ ಹೊರಡುತ್ತೇವೆ, ನೀವು ಬಂದರೂ, ಬಾರದಿದ್ದರೂ. ಆದರೆ ಒಂದು ಮಾತು. ಅನಸ್ತೇಶಿಯಾ ಕೊಡುವುದರಿಂದ ನಾಲ್ಕರ ನಂತರ ಕೂಸಿಗೆ ಹಾಲು ಕೊಡುವಂತಿಲ್ಲ ಅಂದಿದ್ದಾರೆ. ಕೂಸಿಗೆ ಕಾರಣ ಹೇಳಿದರೆ ತಿಳಿಯುತ್ತದೆಯೇ? ನಾಲ್ಕರಿಂದ ಏಳರವರೆಗೆ ನನ್ನ ಎದೆಗೆ ಮುಖ ಒತ್ತಿ ಅಳುತ್ತದೆ. ನನ್ನ ಕುಪ್ಪಸ ತೊಯ್ಯುತ್ತದೆ. ನಾನು ಕೊಡಬಾರದು. ಇಷ್ಟೆಲ್ಲ ಮಾಡಿದೆ, ಆ ಮೂರು ತಾಸು ಒಬ್ಬಳೇ ಹೇಗೆ ಕೂರಲಿ?

ಫೋನ್ ಮಾಡಿರಿ. ಬೆಳಗಾಗುವ ಮೊದಲು. ನನ್ನ ಜೊತೆ ಮಾತು ಬೇಡ ಅಂದರೆ ಬೇಡ, ರಿಸೀವರ್ ಅವನ ಕಿವಿಗೆ ಹಿಡಿಯುತ್ತೇನೆ. ನಿಮ್ಮ ದನಿ ಕೇಳಿದರೆ ಸುಮ್ಮನಾಗುತ್ತಾನೆ, ಯಾವಾಗಲೂ. ಏನಾದರೂ ಹೇಳಿ. ಪೇಟೆಯ ಧಾರಣೆ ಓದಿ. ಫೋನಿನ ಪಕ್ಕದಲ್ಲೇ ಕೂತಿರುತ್ತೇನೆ. ಈಗ ಎದ್ದು ಆ ರಿಸೀವರ್ ಜಾಗಕ್ಕೆ ಇಡಿ, ಮತ್ತೆ ಎತ್ತಿ, ನಮ್ಮ ನಂಬರ್ ತಿರುಗಿಸಿ, ನಾಲ್ಕಕ್ಕೇ ಆಗಲಿ, ಐದಕ್ಕೇ ಆಗಲಿ, ಕೈ ಮುಗಿಯುತ್ತೇನೆ, ಬೆಳಗಾಗುವುದರೊಳಗೆ ಒಂದೇ ಒಂದು ಸಲ—