ಚಾಪೆಯೊಳಗೆ ಟೀಚರ್

ಮಾರ್ಚ್ 4, ಸೋಮವಾರ

ಚಾಪೆಯ ಕತೆ ನನಗೆ ಮೊದಲು ಹೇಳಿದವಳು ಅಜ್ಜಿ ಲೋಸಾ. ದೊಡ್ಡ ಬಿರುಗಾಳಿಯ ವರ್ಷ, ನನಗೆ ಎಂಟು. ಇವತ್ತು ಪಾಠದ ನಡುವೆ ಯಾಕೋ ನೆನಪಾಯ್ತು. ಹೇಳಲಿಲ್ಲ. ರಾಜಧಾನಿ ಆಪಿಯಾದಿಂದ ಬಂದ ಹೊಸ ಪಾಠ ಮುಗಿಸಬೇಕಿತ್ತು — 'ಮನಸ್ಸಿನ ಪಾಠ'. ಸಿಟ್ಟಿಗೊಂದು ಕಾರ್ಡ್, ದುಃಖಕ್ಕೊಂದು, ಕ್ಷಮೆಗೊಂದು. ನಾಲ್ಕನೇ ಕ್ಲಾಸು, ಇಪ್ಪತ್ಮೂರು ಮಕ್ಕಳು. ನನಗೇನು ಕಷ್ಟವಲ್ಲ.

ಮನಸ್ಸಲ್ಲಿರೋದನ್ನು ಬರೆದು ಡಬ್ಬಿಗೆ ಹಾಕಿ ಅಂದೆ. ಯಾರೂ ಓದಲ್ಲ ಅಂತ ಮಾತು ಕೊಟ್ಟೆ. ಆಫೀಸಿಗೆ ಒಯ್ಯಲು ಡಬ್ಬಿ ಅಕೆನೆಸೆ ಕೈಗೆ — ಕ್ಲಾಸ್ ಲೀಡರ್ ಅಲ್ಲವೇ.

ಮಾರ್ಚ್ 5

ಅಕೆನೆಸೆ ಡಬ್ಬಿ ತೆಗೆದಿದ್ದಾಳೆ. ಇಂಟರ್ವಲ್ಲಿನಲ್ಲಿ ದೀವಿಹಲಸಿನ ಬೇರಿನ ಮೇಲೆ ನಿಂತು ಮಸಿನಳ ಚೀಟಿ ಜೋರಾಗಿ ಓದಿದಳು. "ಅಪ್ಪ ನ್ಯೂಜಿಲೆಂಡಲ್ಲಿ ಸೇಬು ಕೀಳ್ತಿದ್ದಾರೆ. ನಾನು ಅವರ ಅಂಗಿ ತಬ್ಕೊಂಡು ಮಲಗ್ತೀನಿ." ಎಲ್ಲರೂ ನಕ್ಕರಂತೆ. ಮಸಿನ ಚಪ್ಪಲಿ ಬಿಟ್ಟು ಮನೆಗೆ ಓಡಿದಳು.

ಕ್ಷಮೆಯ ಕಾರ್ಡ್ ಹಿಡಿದೆ. ಅಕೆನೆಸೆ ಮಸಿನಳ ಖಾಲಿ ಬೆಂಚಿಗೆ ಸಾರಿ ಒಪ್ಪಿಸಿದಳು. ಗಿಳಿಪಾಠ.

ಮಾರ್ಚ್ 8, ಶುಕ್ರವಾರ

ಮಸಿನ ಇಲ್ಲ. ನೇತುಹಾಕಿದ ಹಳೇ ಗ್ಯಾಸ್ ಸಿಲಿಂಡರೇ ನಮ್ಮ ಬೆಲ್. ಹೊಡೆಯೋದು ಅವಳ ಕೆಲಸ. ಈಗ ಯಾರೋ ಹೊಡೀತಾರೆ, ತಗಡು ಬಡಿದ ಹಾಗೆ.

ಅವರ ಮನೆಗೆ ಹೋದೆ. ಅವಳ ಅಮ್ಮ ಅಂದಳು: "ಟೀಚರಮ್ಮ, ಮಂಗಳವಾರದ ದೋಣಿಗೆ ಇವಳನ್ನ ದೊಡ್ಡಮ್ಮ ಕರ್ಕೊಂಡು ಹೋಗ್ತಾರೆ. ಇನ್ನು ಆಪಿಯಾದ ಸ್ಕೂಲೇ."

"ಅಕೆನೆಸೆ ಸಾರಿ ಹೇಳ್ತಾಳೆ..."

"ಸಾರಿನಾ? ಬಸ್ಸಲ್ಲಿ ಕಾಲು ತುಳಿದ್ರೂ ಅದನ್ನೇ ಹೇಳ್ತಾರೆ."

ಮಾರ್ಚ್ 11, ಸೋಮವಾರ

ಕಾರ್ಡು ಬೀರುವಿಗೆ. ಅಜ್ಜಿಯ ಕತೆ ಹೇಳಿದೆ.

ನಮ್ಮೂರ ಹುಡುಗನೊಬ್ಬ ಪಕ್ಕದೂರವನ ತಲೆಗೆ ಕಲ್ಲು ಹೊಡೆದ. ಮರುದಿನ ಬೆಳಕಾಗೋ ಮೊದಲೇ ಹುಡುಗನ ಮನೆತನದ ಹಿರಿಯ ಏಟು ತಿಂದವನ ಅಂಗಳಕ್ಕೆ ಹೋಗಿ, ತಲೆ ಮೇಲೆ ನಯವಾದ ಚಾಪೆ ಹೊದ್ದು ಕೂತ. ಬೇಕಾದರೆ ಬಡಿಯಲಿ. ಕ್ಷಮಿಸಿದರೆ ನೊಂದವರೇ ಚಾಪೆ ಎತ್ತಬೇಕು. ಬಿಸಿಲೇರಿದ ಮೇಲೆ ಎತ್ತಿದರು.

"ಕಲ್ಲು ಹೊಡೆದೋನು ಎಲ್ಲಿದ್ದ ಟೀಚರ್?" — ಅಕೆನೆಸೆ.

"ಹಿರಿಯನ ಹಿಂದೆ."

"ಹಿರೀರು ಯಾಕೆ ಕೂರ್ಬೇಕು?"

"ಅವರ ಹುಡುಗ ಅಲ್ವೇನೇ."

ಮುಂದಿನ ಸಾಲಿನ ಸೆಮಿಸಿ ಸುಮ್ಮನಿರಬಾರದೇ? "ಹಂಗಾದ್ರೆ ನಮ್ಮ ಕ್ಲಾಸಿಗೆ ಹಿರೀರು ಯಾರು ಟೀಚರ್?"

ಮಾತು ಕೊಟ್ಟವಳು ನಾನು. ಡಬ್ಬಿ ಕೊಟ್ಟವಳೂ ನಾನೇ.

ಮಾರ್ಚ್ 12, ಬೆಳಿಗ್ಗೆ 8:40

ಅಜ್ಜಿಯ ಚಾಪೆ ಹೊತ್ತು ಕತ್ತಲಲ್ಲೇ ಮಸಿನಳ ಮನೆಗೆ ಹೊರಟೆ. ಎತ್ತೇ ಎತ್ತುತ್ತಾಳೆ ಅನ್ನೋ ಧೈರ್ಯ. ಅಂಗಳದಲ್ಲಿ ಅವಳ ಚಪ್ಪಲಿ ಮುಂದಿಟ್ಟು ಚಾಪೆ ಹೊದ್ದು ಕೂತೆ. ಚಾಪೆಯೊಳಗಿಂದ ಗೇಣು ನೆಲ ಮಾತ್ರ ಕಾಣ್ತದೆ. ಒಂದು ಕೋಳಿಯ ಕಾಲು ಬಂತು, ಹೋಯ್ತು.

ಆಮೇಲೆ ಪಿಸುದನಿ. "ಟೀಚರ್, ಸ್ವಲ್ಪ ಸರೀರಿ." ಅಕೆನೆಸೆ ಒಳಗೆ ನುಸುಳಿದಳು. ನಾನು ಕರೆದಿರಲಿಲ್ಲ. ಹಿಂದೆ ಚಾಪೆಗಳ ಸರಬರ. "ಶ್! ತಲೆ ಮುಚ್ಕೊಳ್ರೋ!" "ನಿಂದು ಉಚ್ಚೆ ನಾತ ಕಣೋ!" ಇಡೀ ಕ್ಲಾಸು, ಮಲಗೋ ಚಾಪೆ ಸಮೇತ.

ಬಿಸಿಲಿಗೆ ಬೆನ್ನು ಕಾಯಿತು. ಅಕೆನೆಸೆಯ ಕೈ ನನ್ನ ಕೈಯೊಳಗಿತ್ತು. ಗಿಳಿಪಾಠವಿಲ್ಲ, ಬರೀ ಬಿಕ್ಕು.

ಎರಡು ಬರಿಗಾಲು ಬಂದವು. ನಿಂತವು. ಒಂದೊಂದೇ ಚಪ್ಪಲಿಯೊಳಗೆ ತೂರಿದವು. ಚಾಪೆ ಮೇಲೆದ್ದಿತು. ಬೆಳಕು.

"ಎಲ್ರೂ ಇಲ್ಲೇ ಕೂತ್ರೆ ಬೆಲ್ ಹೊಡೆಯೋರು ಯಾರು?" ಅಂದಳು ಮಸಿನ. ಆಮೇಲೆ ಅಕೆನೆಸೆಗೆ, "ಏಳೇ. ಲೇಟಾಯ್ತು."

ಒಳಗಿಂದ ಅವಳ ಅಮ್ಮ: "ಅಕ್ಕಾ, ದೋಣಿಗೆ ನೀನೊಬ್ಬಳೇ ಹೋಗು."

ಮೊಣಕಾಲಿಗೆ ಇನ್ನೂ ಮರಳು ಅಂಟಿದೆ. ಮೊದಲ ಪೀರಿಯಡ್ಡು ಗಣಿತ. ಇನ್ನೂ ಬರೆಯೋದಿತ್ತು, ಆದರೆ ಬೆಲ್ಲು — ಇವತ್ತು ಸರಿಯಾದ ಕೈ —