ಸೀಮೆಸುಣ್ಣದ ಗುರುತು ಬಿದ್ದ ಬ್ಯಾಗು

ಹಗರಿಬೊಮ್ಮನಹಳ್ಳಿ
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಮಗಳು ಕ್ರಾಂತಿಗೆ ನಿನ್ನ ಅವ್ವನ ಜೈಭೀಮ್.

ಹೇಗಿದ್ದೀಯವ್ವಾ? ಹೊಲಿಗೆ ಹಾಕಿದ ಜಾಗದಲ್ಲಿ ಎಳೆದಂತಾಗುತ್ತದೆ ಎನ್ನುತ್ತಿದ್ದೆಯಲ್ಲ, ಅದು ಪೂರ್ತಿ ಹೋಯಿತೇ? ಡ್ಯೂಟಿಗೆ ಹೊರಟ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಇಲ್ಲ ನಿಂತಲ್ಲೇ ಚಹಾದಲ್ಲಿ ಬಿಸ್ಕತ್ತು ಅದ್ದಿಕೊಂಡು ತಿಂದು ವಾರ್ಡಿಗೆ ಓಡುತ್ತೀಯೋ? ಹಾಲು ಕುಡಿಸುವವಳು ನೀನು, ಹಸಿದುಕೊಂಡಿರಬೇಡ. ಕೂಸು ಬೋರಲು ಬಿದ್ದ ವಿಡಿಯೋ ನೋಡಿದೆ. ನಿಮ್ಮಪ್ಪ ಅದನ್ನು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ತೋರಿಸಿ ಬಂದರು. ರಿಟೈರಾದ ಡ್ರೈವರಿಗೆ ಬಸ್ ಸ್ಟ್ಯಾಂಡ್ ಬಿಟ್ಟರೆ ಬೇರೆ ಊರೇ ಇಲ್ಲ. ನಾನು ಆರಾಮಾಗಿದ್ದೇನೆ. ನಿನ್ನ ಬಾಣಂತನಕ್ಕೆ ಬಂದಾಗ ಮಸ್ಕತ್ತಿನ ಆ ತಣ್ಣನೆಯ ಕೋಣೆಯಲ್ಲಿ ಹಿಡಿದುಕೊಂಡಿದ್ದ ಮೊಣಕಾಲು ಇಲ್ಲಿಯ ಬಿಸಿಲಿಗೆ ಸಡಿಲಾಗಿದೆ. ಸಂತೆಗೂ ನಡೆದೇ ಹೋಗಿ ಬರುತ್ತೇನೆ.

ದಿನಾ ಫೋನಿನಲ್ಲಿ ಮುಖ ನೋಡಿ ಮಾತಾಡುವವಳು ಪತ್ರ ಯಾಕೆ ಬರೆದಳು ಎಂದುಕೊಳ್ಳುತ್ತೀ. ನಿಮ್ಮ ಒಂದು ಕೋಣೆಯ ಮನೆಯಲ್ಲಿ ನನ್ನ ಮಾತು ನಿನ್ನ ಗಂಡ ಗುರುಮೂರ್ತಿಗೂ ಕೇಳುತ್ತದೆ. ಇದು ಅವನ ಕಿವಿಗೆ ಬೀಳುವ ಮೊದಲು ನೀನು ತಿಳಿಯಬೇಕು. ನಿನ್ನ ಜೊತೆಯ ನರ್ಸ್ ರೋಜಾ ರಜೆಗೆ ಕೊಟ್ಟೂರಿಗೆ ಬಂದಿದ್ದಳಲ್ಲ, ಇವತ್ತು ಹೊರಟಿದ್ದಾಳೆ. ಆಸ್ಪತ್ರೆಯಲ್ಲೇ ನಿನ್ನ ಕೈಗೆ ಕೊಡುತ್ತಾಳೆ. ಲಕೋಟೆಗೆ ಅಂಟು ಹಚ್ಚಿಲ್ಲ. ಬೇಕಾದರೆ ತೆಗೆದು ಓದಿಕೋ ತಾಯಿ ಎಂದು ಅವಳಿಗೆ ಹೇಳಿದ್ದೇನೆ. ಮುಚ್ಚಿದ್ದನ್ನು ಒಬ್ಬರ ಕೈಗೆ ಕೊಟ್ಟು ಕಳಿಸುವುದು ನನ್ನಿಂದ ಇನ್ನು ಆಗುವುದಿಲ್ಲ. ಯಾಕೆಂದು ಕೇಳು.

ನಾನು ಊರಿಗೆ ಬಂದ ದಿನ, ಬೆಂಗಳೂರಿನಲ್ಲಿ ಬ್ಯಾಗ್ ಚೆಕ್ ಮಾಡಿದರು, ಅದಕ್ಕೇ ತಡವಾಯಿತು ಎಂದಷ್ಟೇ ನಿನಗೆ ಹೇಳಿದ್ದೆ. ಅದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ನಾನು ಹೊರಡುವ ಹಿಂದಿನ ದಿನ ಯರ್ರಿಸ್ವಾಮಿ ಬಂದದ್ದು ನಿನಗೆ ಗೊತ್ತಿಲ್ಲ, ನೀನು ಡ್ಯೂಟಿಗೆ ಹೋಗಿದ್ದೆ. ಗುರುಮೂರ್ತಿಯ ಅಂಗಡಿಯಲ್ಲೇ ದುಡಿಯುವ ಹುಡುಗ, ಶುಕ್ರವಾರ ಬಂತೆಂದರೆ ನಮ್ಮ ರೊಟ್ಟಿಗೆ ಕಾದು ಕೂತಿರುತ್ತಿದ್ದ, ಕೂಡ್ಲಿಗಿಯವನು ಎಂದು ನಾನೂ ಅವನಿಗೆ ಇನ್ನೊಂದು ರೊಟ್ಟಿ ಹೆಚ್ಚೇ ಬಡಿದು ಹಾಕುತ್ತಿದ್ದೆ. ಅವತ್ತು ಹೊಸ ಡಬ್ಬಿಯಲ್ಲಿ ಕರೆಂಟಿನ ಇಸ್ತ್ರಿಪೆಟ್ಟಿಗೆಯೊಂದನ್ನು ತಂದ. "ಅಮ್ಮಾ, ನಮ್ಮವ್ವ ಕೂಡ್ಲಿಗ್ಯಾಗ ಇಸ್ತ್ರಿ ಅಂಗಡಿ ಇಟ್ಟಾಳ್ರಿ. ಇದ್ದಲಿ ಪೆಟ್ಟಿಗಿ ಎತ್ತಿ ಎತ್ತಿ ಆಕಿ ರಟ್ಟಿ ಹೋಗ್ಯಾವ. ಇದೊಂದು ಒಯ್ದು ಕೊಡ್ರಿ. ವಿಮಾನ ಇಳಿಯೂ ಕಡಿ ನನ್ನ ತಮ್ಮ ಬಂದು ಇಸಗೋತಾನ" ಅಂದ. ತಾಯಿಯ ರಟ್ಟೆಯ ಮಾತು ಬಂದರೆ ಯಾವ ಹೆಂಗಸು ಬೇಡ ಅಂತಾಳೆ? ಗುರುಮೂರ್ತಿಯೇ ಅದನ್ನು ನಿನ್ನ ಹಳೆಯ ಸೀರೆಗಳ ನಡುವೆ ಇಟ್ಟು ಬ್ಯಾಗಿನ ಜಿಪ್ ಎಳೆದ. ಆಮೇಲೆ ಕೂಸನ್ನು ನನ್ನ ತೊಡೆಯ ಮೇಲೆ ಕೂಡಿಸಿ ಒಂದು ಫೋಟೋ ತೆಗೆದ.

ಬೆಳಗಾದ ಮೇಲೆ ಬೆಂಗಳೂರಿನಲ್ಲಿ ಇಳಿದೆ. ಹೋಗುವಾಗ ಇದ್ದ ಅಂಜಿಕೆ ಬರುವಾಗ ಇರಲಿಲ್ಲ. ಪಾಸ್‌ಪೋರ್ಟಿಗೆ ಸಿಕ್ಕಾ ಹೊಡೆಸಿಕೊಂಡು ಸಾಮಾನು ಬರುವ ಪಟ್ಟಿಯ ಹತ್ತಿರ ನಾನೇ ಹೋಗಿ ನಿಂತೆ. ನನ್ನ ನೀಲಿ ಬ್ಯಾಗು ಬಂತು. ಅದರ ಮೈಮೇಲೆ ಸೀಮೆಸುಣ್ಣದಲ್ಲಿ ದೊಡ್ಡದೊಂದು ಗುಣಿಸುವ ಗುರುತು. ಬೇರೆ ಯಾರ ಬ್ಯಾಗಿಗೂ ಇರಲಿಲ್ಲ. ಇದೇನೆಂದು ನೋಡುತ್ತಿದ್ದಾಗ ಪಕ್ಕದಲ್ಲಿದ್ದ ಒಬ್ಬ ಬಾಗಿ ಮೆಲ್ಲಗೆ ಹೇಳಿದ: "ಅಜ್ಜೀ, ಒಳಗ ಮಿಷನ್ನಿಗೆ ಹಾಕಿ ನೋಡಿರ್ತಾರ. ಸಂಶಯ ಬಂದಿದ್ದಕ್ಕ ಹಿಂಗ ಬರೀತಾರ. ಸೆರಗಿಲೆ ಒರಿಸಿ ನಡ್ದುಬಿಡ್ರಿ, ಯಾರೂ ಕೇಳೂದಿಲ್ಲ." ಜೀವಮಾನವೆಲ್ಲ ಅಂಗನವಾಡಿಯಲ್ಲಿ ಸೀಮೆಸುಣ್ಣ ಹಿಡಿದವಳಿಗೆ ಒರೆಸುವುದು ಏನು ದೊಡ್ಡದು? ಆದರೆ ನನ್ನ ಬ್ಯಾಗಿನಲ್ಲಿ ಖರ್ಜೂರ, ಹಾಲಿನ ಪುಡಿ, ನಿನ್ನ ಸೀರೆ, ಕೂಸಿನ ಚಿಕ್ಕದಾದ ಅಂಗಿಗಳು. ಒರೆಸಿದರೆ ತಾನೇ ನಾನು ಕಳ್ಳಿಯಾಗುವುದು ಎಂದುಕೊಂಡೆ. ಗಾಡಿಗೆ ಹೇರಿ, ಗುರುತು ಎಲ್ಲರಿಗೂ ಕಾಣುವಂತೆ ಮೇಲೆ ಮಾಡಿಟ್ಟು, ಕಸ್ಟಮ್ಸಿನವರು ನಿಂತಲ್ಲಿಗೆ ನೆಟ್ಟಗೆ ನಡೆದೆ.

ಅಲ್ಲಿ ಇನ್ನೊಂದು ಸಲ ಮಿಷನ್ನಿಗೆ ಹಾಕಿದರು. ಪರದೆಯ ಮುಂದೆ ಸಂಗೀತಾ ಅಂತ ಹೆಸರಿನ ಪಟ್ಟಿ ಹಚ್ಚಿಕೊಂಡ ಹುಡುಗಿ ಕೂತಿದ್ದಳು. ನನ್ನ ಮಾತು ಕಿವಿಗೆ ಬಿದ್ದದ್ದೇ ತಿರುಗಿ, "ಯಾವೂರಮ್ಮ ನಿಮ್ದು? ನಮ್ಮದು ಹರಪನಹಳ್ಳಿ ಕಣ್ರೀ" ಅಂದಳು. ನನ್ನನ್ನು ಹತ್ತಿರ ಕರೆದು ಪರದೆ ತೋರಿಸಿದಳು. ನೀನು ನೋಡಬೇಕಿತ್ತು ಕ್ರಾಂತಿ, ನನ್ನ ಬ್ಯಾಗಿನ ಹೊಟ್ಟೆಯೆಲ್ಲ ಅಲ್ಲಿ ಬಣ್ಣಬಣ್ಣವಾಗಿ ಕಾಣುತ್ತಿತ್ತು. ಬಟ್ಟೆ, ಖರ್ಜೂರ ಎಲ್ಲ ಕಿತ್ತಳೆ ಬಣ್ಣ, ನೀನು ಕೊಟ್ಟ ಸ್ಟೀಲ್ ಡಬ್ಬಿ ನೀಲಿ. ನಡುವೆ ಇಸ್ತ್ರಿಪೆಟ್ಟಿಗೆಯ ಅಡಿಯಲ್ಲಿ ಮಾತ್ರ ಕಾಡಿಗೆ ಮೆತ್ತಿದಂತೆ ಕಪ್ಪು. "ಇಸ್ತ್ರಿಪೆಟ್ಟಿಗೆ ಹಿಂಗೆ ಕಾಣಲ್ಲಮ್ಮ. ಇದು ನಿಮ್ದೇನಾ?" ಎಂದು ಕೇಳಿದಳು. ನನ್ನದಲ್ಲ, ಬಿಚ್ಚಿ ನೋಡ್ರಿ ಅಂದೆ. ಬಿಚ್ಚಿದರು. ಕಾಯುವ ತಗಡಿನ ಜಾಗದಲ್ಲಿ ಕಪ್ಪು ಬಣ್ಣ ಬಳಿದ ಗಟ್ಟಿ. ಚೂಪಾದ ಮೊಳೆಯಲ್ಲಿ ಗೀರಿದರೆ ಹಳದಿ. ಬಂಗಾರ.

ಅವರ ಮೇಲಿನ ಸಾಹೇಬರು ಬಂದರು. ಅವರದು ಹಿಂದಿ, ಸಂಗೀತಾ ತಿಳಿಸಿ ಹೇಳುತ್ತಿದ್ದಳು. ಹಿಡಿದಾಗ ಎಲ್ಲರೂ ಯಾರೋ ಕೊಟ್ಟರು ಅಂತಲೇ ಹೇಳುತ್ತಾರೆ, ಬ್ಯಾಗು ನಿಮ್ಮದು, ಜೈಲಿಗೆ ಹೋಗುವವರೂ ನೀವೇ ಎಂದರು. ಆಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಎಲ್ಲಾರೂ ಹಂಗ ಹೇಳ್ತಾರಂದ ಮಾತ್ರಕ್ಕ ನಾ ಸುಳ್ಳಾಗೂದಿಲ್ರಿ. ಕೊಟ್ಟಾಂವ ಯರ್ರಿಸ್ವಾಮಿ. ಇಸಗೊಳ್ಳಾಂವ ಹೊರಗ ನಿಂತಾನ. ನಡೀರಿ, ನಾನ ತೋರಿಸ್ತೀನಿ" ಅಂದೆ. ಸಾಹೇಬರು ಸಂಗೀತಾಳ ಮುಖ ನೋಡಿದರು. ಅವಳು, ಇವರು ಗುರುತು ಅಳಿಸದೆ ನೇರ ನಮ್ಮ ಹತ್ತಿರವೇ ಬಂದವರು ಸಾರ್ ಅಂದಳು. ಆಮೇಲೆ ಅವರು ಒಪ್ಪಿದರು. ಪೆಟ್ಟಿಗೆಯನ್ನು ಮೊದಲಿನಂತೆ ಡಬ್ಬಿಗೆ ಹಾಕಿ ಗಾಡಿಯ ಮೇಲಿಟ್ಟರು. ಸಾದಾ ಅಂಗಿ ಹಾಕಿಕೊಂಡವರು ಹಿಂದೆ ಬರುತ್ತಾರೆ, ನೀವು ಎಲ್ಲರಂತೆ ನಡೆದು ಹೋಗಿ ಎಂದರು.

ಬಾಗಿಲು ದಾಟಿದರೆ ಕಟಕಟೆಯ ಆಚೆ ಮೊದಲಿಗೆ ಕಂಡವರು ನಿಮ್ಮಪ್ಪ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಚಹಾದ ಫ್ಲಾಸ್ಕು. "ಏ ಗಾಳೆವ್ವಾ, ಇಲ್ಲೆ! ಇಲ್ಲೆ ನೋಡ!" ಎಂದು ಅಷ್ಟು ಜನರ ನಡುವೆ ಕೂಗಿದರು. ಅವರು ಬಂದು ಗಾಡಿ ಹಿಡಿದರೆ ಪೆಟ್ಟಿಗೆ ಇಸಿದುಕೊಳ್ಳಲು ಬಂದವನು ಹತ್ತಿರ ಸುಳಿಯುತ್ತಾನೆಯೇ? ಬಂಗಾರದ ಪೆಟ್ಟಿಗೆಯೊಂದಿಗೆ ನಿಮ್ಮಪ್ಪನೇ ಸಿಕ್ಕಿಬಿದ್ದರೆ? ನಾನು ಅವರನ್ನು ನೋಡಿಯೂ ನೋಡದವಳಂತೆ ಮುಖ ತಿರುಗಿಸಿ ಮುಂದೆ ನಡೆದೆ. ಅವರು ಎತ್ತಿದ ಕೈಯನ್ನು ಹಾಗೇ ಇಳಿಸಿದ್ದು ಕಣ್ಣಂಚಿನಲ್ಲಿ ಕಂಡಿತು.

ಸ್ವಲ್ಪ ದೂರದಲ್ಲಿ ಕಪ್ಪು ಕನ್ನಡಕದವನೊಬ್ಬ ಫೋನನ್ನೂ ನನ್ನನ್ನೂ ನೋಡುತ್ತ ಬಂದ. "ಬರ್ರಿ ಅಮ್ಮ, ಯರ್ರಿಸ್ವಾಮಿ ಹೇಳಿದ್ದ. ಇಸ್ತ್ರಿಪೆಟ್ಟಿಗಿ ಕೊಡ್ರಿ" ಅಂದ. ಪ್ರಯಾಣ ಹೇಗಾಯಿತು ಅನ್ನಲಿಲ್ಲ, ಅಣ್ಣ ಹೇಗಿದ್ದಾನೆ ಅನ್ನಲಿಲ್ಲ. ನಾನು ಡಬ್ಬಿಯ ಮೇಲೆ ಕೈಯಿಟ್ಟುಕೊಂಡೇ, "ನಿಮ್ಮವ್ವನ ರಟ್ಟಿ ನೋವು ಹೆಂಗೈತಪ್ಪಾ?" ಅಂದೆ. "ಯಾರ ಅವ್ವರೀ?" ಅಂದ. ಅಷ್ಟೇ ಸಾಕಾಯಿತು ನನಗೆ. ಡಬ್ಬಿ ಕೊಟ್ಟೆ. ಅವನು ಅದನ್ನು ಕಂಕುಳಿಗೆ ಸೇರಿಸುವಷ್ಟರಲ್ಲಿ ಹಿಂದಿನವರು ಎರಡೂ ಕಡೆಯಿಂದ ಹಿಡಿದುಕೊಂಡರು. ನಿಮ್ಮಪ್ಪ ಕಟಕಟೆಯ ಕೆಳಗೆ ನುಸುಳಿ, ಫ್ಲಾಸ್ಕನ್ನೇ ಎತ್ತಿಕೊಂಡು, "ಯಾವಲೇ ನೀನು, ನನ್ನ ಹೇಣ್ತಿ ಹತ್ರ ಏನ್ ಕಸ್ಕೊಂತೀ!" ಎಂದು ಓಡಿ ಬಂದರು. ಅವರನ್ನು ತಡೆಯಲು ಸಂಗೀತಾ ಪಟ್ಟ ಪಾಡು ನೆನೆಸಿದರೆ ಈಗ ನಗು ಬರುತ್ತದೆ.

ಈಗ ಕೇಳು, ನಗುವ ಮಾತಲ್ಲ ಇದು. ಒಳಗಿನ ಕೋಣೆಯಲ್ಲಿ ಆ ಮನುಷ್ಯನ ಫೋನು ತೆಗೆದು ನೋಡಿದರು. ನನ್ನನ್ನು ಗುರುತು ಹಿಡಿಯಲೆಂದು ಅವನಿಗೆ ಬಂದಿದ್ದ ಫೋಟೋ ಅದರಲ್ಲಿತ್ತು. ನಾನು, ನನ್ನ ತೊಡೆಯ ಮೇಲೆ ನಿನ್ನ ಕೂಸು. "ಈ ಫೋಟೋ ಯಾರು ತೆಗೆದಿದ್ದಮ್ಮ?" ಎಂದು ಸಂಗೀತಾ ಕೇಳಿದಳು. ಗುರುಮೂರ್ತಿ ನನಗೆ ಬರೀ ಅಳಿಯನೇ? ನನ್ನ ತಮ್ಮನ ಮಗ. ತಾಯಿಯಿಲ್ಲದ ಹುಡುಗ ನನ್ನ ಅಂಗನವಾಡಿಯ ಚಾಪೆಯ ಮೇಲೆ ಬೆಳೆದವನು. ನಾನೇ ತೆಗೆಸಿಕೊಂಡು ಎಲ್ಲರಿಗೂ ಕಳಿಸಿದ್ದೆ ಅಂದಿದ್ದರೆ ಅವರು ನಂಬುತ್ತಿದ್ದರು. ಆದರೆ ಆ ಫೋಟೋದಲ್ಲಿ ಕೂಸಿದೆ ಕ್ರಾಂತಿ. ಕಳ್ಳಸಾಗಣೆಯವನ ಫೋನಿನಲ್ಲಿ ನನ್ನ ಮೊಮ್ಮಗಳ ಮುಖ. ಅದನ್ನು ನೋಡಿದ ಮೇಲೆ ನನ್ನ ಬಾಯಿಗೆ ಸುಳ್ಳು ಬರಲಿಲ್ಲ. "ನನ್ನ ಅಳಿಯ ತೆಗೆದದ್ದು. ಅವನ ಕೈಯಿಂದ ಇವನ ಕೈಗೆ ಹೆಂಗ ಬಂತೋ ನನಗ ಗೊತ್ತಿಲ್ಲ. ಅವನನ್ನ ಕೇಳ್ರಿ" ಅಂದೆ. ಬರೆದುಕೊಂಡರು. ಓದಿಸಿ ಕೇಳಿ ಸಹಿ ಮಾಡಿದೆ. ಕರೆದಾಗ ಬಂದು ಸಾಕ್ಷಿ ಹೇಳಬೇಕು ಎಂದು ನನ್ನನ್ನು ಬಿಟ್ಟರು. ಸಂಗೀತಾ ಬಾಗಿಲವರೆಗೂ ಬಂದು ಬ್ಯಾಗಿನ ಗುರುತನ್ನು ತಾನೇ ಒರೆಸಿ ಕಳಿಸಿದಳು.

ಊರ ಬಸ್ಸಿನಲ್ಲಿ ಚಿತ್ರದುರ್ಗ ದಾಟುವವರೆಗೂ ನಿಮ್ಮಪ್ಪನಿಗೆ ನಾನು ಮುಖ ತಿರುಗಿಸಿದ್ದಕ್ಕೆ ಸಿಟ್ಟು. ಆಮೇಲೆ ತಾವೇ ಫ್ಲಾಸ್ಕಿನ ಚಹಾ ಬಸಿದು ಕೊಟ್ಟು, "ಅಳಿಯನ ಹೆಸ್ರು ಹೇಳಿದ್ದು ಛಲೋ ಮಾಡಿದಿ. ನಾನಾಗಿದ್ರ ಹೇಳ್ತಿದ್ನೋ ಇಲ್ಲೋ" ಅಂದರು. ಅವರ ಆ ಮಾತು ನನಗೆ ದೊಡ್ಡ ಆಸರೆ. ಗುರುಮೂರ್ತಿ ಏನೂ ತಿಳಿಯದೆ ಯರ್ರಿಸ್ವಾಮಿಗೆ ಫೋಟೋ ಕೊಟ್ಟಿರಬಹುದು. ಸ್ನೇಹದಲ್ಲಿ ಹಾಗೆ ಕೊಡುವವನೇ ಅವನು. ಹಾಗಿದ್ದರೆ ಬಂದು ಹಾಗೇ ಹೇಳಲಿ, ಅವನಿಗೆ ಅಂಜಿಕೆ ಯಾತರದು? ಇದನ್ನು ನೀನೇ ಎದುರು ಕೂತು ಕೇಳು. ಕೂಗಾಡಬೇಡ, ಅಳಲೂ ಬೇಡ. ನೀನು ದುಡಿಯುವವಳು, ನಿನ್ನ ವೀಸಾ ನಿನ್ನದು, ನಿನ್ನ ಕಾಲ ಮೇಲೆ ನಿಂತವಳು. ಕೇಳಲು ನಿನಗೆ ಯಾರ ಅಪ್ಪಣೆಯೂ ಬೇಡ.

ರೋಜಾ ಕೈಯಲ್ಲಿ ಶೇಂಗಾ ಚಟ್ನಿ, ರೊಟ್ಟಿ ಕಳಿಸಿದ್ದೇನೆ. ಅವಳ ಎದುರಿಗೇ ಕಟ್ಟಿದ್ದು. ನೀನು ಡ್ಯೂಟಿಗೆ ಹೋದಾಗ ಕೂಸನ್ನು ನೋಡಿಕೊಳ್ಳುವ ಮಲಯಾಳಿ ಅಮ್ಮನಿಗೂ ಕೊಡು, ನಾನು ಕೇಳಿದೆ ಎಂದು ಹೇಳು. ಕೂಸಿನ ನೆತ್ತಿಗೆ ಎಣ್ಣೆ ತಪ್ಪಿಸಬೇಡ. ಅವಳಿಗೆ ಅಜ್ಜ ಅಜ್ಜಿಯ ಮುತ್ತು. ನಿಮ್ಮಿಬ್ಬರಿಗೂ ಬುದ್ಧ ಗುರುವಿನ ಬೆಳಕಿರಲಿ.

ನಿನ್ನ ಅವ್ವ,
ಗಾಳೆಮ್ಮ

ತಾ.ಕ.: ರೋಜಾಳ ಕಾರು ಬಾಗಿಲಲ್ಲಿ ನಿಂತಿದೆ. ಬೇಗ ಬರೆಯುತ್ತೇನೆ. ಪತ್ರ ಮಡಿಸುವಾಗಲೇ ಗುರುಮೂರ್ತಿ ಫೋನ್ ಮಾಡಿದ. ಬೆಳಿಗ್ಗೆ ಅವನಿಗೆ ಕಸ್ಟಮ್ಸಿನಿಂದ ಕರೆ ಹೋಗಿದೆ. ಅತ್ತುಕೊಂಡು ಹೇಳಿದ: "ಅತ್ತೀ, ಪೆಟ್ಟಿಗ್ಯಾಗ ಏನೋ ಐತಂತ ನನಗ ಗೊತ್ತಿತ್ತು. ವಯಸ್ಸಾದಾಕಿನ್ನ ಯಾರೂ ತಡಿಯೂದಿಲ್ಲ ಅಂದ ಯರ್ರಿಸ್ವಾಮಿ. ಕ್ರಾಂತಿಗೆ ಮಾತ್ರ ಹೇಳಬ್ಯಾಡ." ನಾನು, "ಸರಕಾರದ ಮುಂದ ಖರೇ ಹೇಳಿ ಬಂದಾಕಿ ಮಗಳ ಮುಂದ ಸುಳ್ಳು ಹೇಳಲೇನು? ಇವತ್ತ ನೀನ ಹೇಳು" ಎಂದು ಫೋನ್ ಇಟ್ಟೆ. ಈ ಪತ್ರ ಸೇರುವ ಮೊದಲು ಅವನೇ ಹೇಳಿದ್ದರೆ, ಎಷ್ಟು ಬೇಕಾದರೂ ಬಯ್ಯಿ, ಆದರೆ ಅವನ ಮಾತು ಪೂರ್ತಿ ಕೇಳು. ಜೊತೆಗೆ ಕರೆದುಕೊಂಡು ಬಾ, ಸಂಗೀತಾಳ ಮುಂದೆ ಅವನ ಪಕ್ಕದಲ್ಲಿ ನಾನೇ ಕೂರುತ್ತೇನೆ. ಹೇಳಿರದಿದ್ದರೆ, ನಿನ್ನದೂ ಕೂಸಿನದೂ ಪಾಸ್‌ಪೋರ್ಟು ತೆಗೆದುಕೊಂಡು, ಕೂಸನ್ನು ಎತ್ತಿಕೊಂಡು ಬಂದುಬಿಡು. ಸಾಮಾನು ಅಲ್ಲೇ ಇರಲಿ.