ಎಂಜಿನ್ ಓಡುವಾಗ ಅಳೆದ ಆಯಿಲ್

ಅಪ್ಪಾ,

ನೀವು ಸುಟ್ಟುಹಾಕಿದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕಿತ್ತೆಸೆದು ನಿಮ್ಮ ಕಾರಿಗೆ ಹೊಸದನ್ನು ಕೂರಿಸಿದ್ದೇನೆ. ಇವತ್ತು ಅದಕ್ಕೆ ಆಯಿಲ್ ತುಂಬಿದೆ.

ಎಂಜಿನ್ ಆಫ್ ಮಾಡಿ ನೋಡಿದರೆ ಅಳತೆ ಕಡ್ಡಿಯ ಮೇಲೆ ಇಲ್ಲದ ಆಯಿಲೂ ಇದ್ದಂತೆ ಕಾಣುತ್ತದೆ ಎಂದು ಅಂದೇ ಬಡಕೊಂಡೆ. "ನಂಗೇ ಪಾಠ ಹೇಳ್ಕೊಡ್ತೀಯೇನೇ?" ಎಂದು ಗ್ಯಾರೇಜಿನಲ್ಲಿ ಗಿರಾಕಿಗಳೆದುರೇ ಆಯಿಲ್ ಸುರಿಯುವ ಫನಲ್ ಎಸೆದಿರಿ. ಗೇರ್‌ಬಾಕ್ಸ್ ಆಯಿಲ್ ಸಾಲದೆ ಸುಟ್ಟಾಗ ತಪ್ಪು ನನ್ನದೆಂದಿರಿ. ಸಾಯುವವರೆಗೂ ಅದನ್ನೇ ಅಂದಿರಿ.

ಇವತ್ತು ಎಂಜಿನ್ ಓಡುತ್ತಿರುವಾಗಲೇ ಬ್ರೇಕ್ ತುಳಿದು, ಒಂದೊಂದೇ ಗೇರಿಗೆ ಹಾಕಿ, ಆಮೇಲೆ ಕಡ್ಡಿ ಎಳೆದು ನೋಡಿದೆ. ಇನ್ನೂ ಒಂದು ಲೀಟರ್ ಬೇಕಿತ್ತು. ಸುರಿದೆ. ಸರಿಯಾಗಿ ಗೆರೆಗೆ ಬಂದು ನಿಂತಿತು. ನಾನು ಹೇಳಿದ್ದೇ ಸರಿ, ಕೇಳಿಸಿತಾ?

ಬಾನೆಟ್ ಇನ್ನೂ ಮುಚ್ಚಿಲ್ಲ. ನೀವು ಎಸೆದು ಸೊಟ್ಟಗಾದ ಫನಲ್ ಹಿಡಿದು ನಿಂತೇ ಇದ್ದೇನೆ. ಎಲ್ಲಿ, ಈಗ ಬೈಯಿರಿ ನೋಡೋಣ.